ಶೀನಪ್ಪ ಮಾವನ ಫೋನು ತುಳು ಕಲಿತದ್ದು

"ಕಂಪನಿಯವರು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಬಳಸುವವನು ಬರೀ ಗಿರಾಕಿ. ಬೇರಿನವರೆಗೆ ಇಳಿದು ಅದನ್ನು ತನಗೆ ಬೇಕಾದ ಹಾಗೆ ಬದಲಾಯಿಸುವವನು ಯಜಮಾನ. ಇವತ್ತು ಸಂಜೆಯ ಒಳಗೆ ಶೀನಪ್ಪ ಮಾವನ ಫೋನಿಗೆ ನಾನು ಯಜಮಾನ!"

ಮೂಡುಬಿದಿರೆಯ ಬಾಡಿಗೆ ಮನೆಯ ಊಟದ ಮೇಜಿನ ಮುಂದೆ ನಿಂತು ಶನಿವಾರ ಬೆಳಿಗ್ಗೆ ಶೋಧನ್ ಶೆಟ್ಟಿ ಹೀಗೆ ಘೋಷಿಸಿದಾಗ ಸಭೆಯಲ್ಲಿದ್ದವಳು ಹೆಂಡತಿ ದೀಕ್ಷಿತಾ ಒಬ್ಬಳೇ. ಅವಳು ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿ ದೋಸೆಯ ಸಟ್ಟುಗ ಇತ್ತು.

"ಮಾವನಿಗೆ ಗೊತ್ತುಂಟಾ?"

"ಸ್ಪೀಡ್ ಮಾಡಿ ಕೊಡ್ತೇನೆ ಅಂತ ಹೇಳಿಯೇ ತಂದದ್ದು."

"ಮಿಕ್ಸಿಗೂ ಹಾಗೆಯೇ ಹೇಳಿದ್ದಿರಿ."

ಶೋಧನ್ ಬಂಟ್ವಾಳದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಅದು ಹೊಟ್ಟೆಪಾಡು. ಅವನ ನಿಜವಾದ ಕಸುಬು, ಚೆನ್ನಾಗಿರುವ ವಸ್ತುವನ್ನು ಇನ್ನೂ ಚೆನ್ನಾಗಿ ಮಾಡುವುದು. ಅವನ ಕೈಗೆ ಸಿಕ್ಕಿದ ಮೇಲೆ ಅತ್ತೆ ಅಮ್ಮಣ್ಣಿಯ ಮಿಕ್ಸಿ ಜಾರಿನ ಒಳಗಿನದನ್ನು ಅರೆಯುವ ಬದಲು ಗೋಡೆಗೆ ಹಂಚತೊಡಗಿತು. ಅವನ ಮನೆಯಲ್ಲೇ ಫ್ಯಾನ್ ಹಾಕಿದರೆ ಕಾಲಿಂಗ್ ಬೆಲ್ ಹೊಡೆಯುತ್ತದೆ. ಸೆಕೆ ಹೆಚ್ಚಾದ ದಿನ ದೀಕ್ಷಿತಾ ನಾಲ್ಕಾರು ಸಲ ಬಾಗಿಲು ತೆಗೆದು ಯಾರೂ ಇಲ್ಲದ ಅಂಗಳಕ್ಕೆ "ಬನ್ನಿ" ಎಂದದ್ದುಂಟು.

ಶೀನಪ್ಪ ಶೆಟ್ಟರು ದೀಕ್ಷಿತಾಳ ಸೋದರಮಾವ. ಮುಂಬೈಯಲ್ಲಿ ಹೋಟೆಲು ನಡೆಸಿ, ಈಗ ಬೆಳುವಾಯಿಯಲ್ಲಿ ತಂಗಿ ಅಮ್ಮಣ್ಣಿಯ ಮನೆಯನ್ನೇ ಹೋಟೆಲಿನ ಹಾಗೆ ನಡೆಸುತ್ತಿದ್ದವರು. ಮಾತು ಕಮ್ಮಿ, ನೋಟ ಜಾಸ್ತಿ. ಮದುವೆಯಾಗಿ ಇಷ್ಟು ವರ್ಷವಾದರೂ ಶೋಧನನ ಬಗ್ಗೆ ಅವರು ಯಾರಲ್ಲಾದರೂ ಮಾತಾಡಿದರೆ "ನಮ್ಮ ಆ ಮಿಕ್ಸಿಯವನು" ಎಂದೇ ಹೇಳುತ್ತಿದ್ದರು. ಶೋಧನನಿಗೆ ಇದು ಒಳಗೊಳಗೇ ಉರಿಯುತ್ತಿತ್ತು. ಒಂದೇ ಒಂದು ಸಲ ಮಾವನ ಬಾಯಿಂದ "ಶೋಧನ ಮಾಡಿದ, ಲಾಯ್ಕಾಯಿತು" ಎಂದು ಕೇಳಬೇಕು. ಆಮೇಲೆ ಜೀವನದಲ್ಲಿ ಸ್ಕ್ರೂಡ್ರೈವರ್ ಮುಟ್ಟದಿದ್ದರೂ ಪರವಾಗಿಲ್ಲ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ.

ಆದರೆ ಅವನು ಆರಿಸಿಕೊಂಡ ಮುಹೂರ್ತ ಮಾತ್ರ ಯಾರೂ ಆರಿಸಿಕೊಳ್ಳುವಂಥದ್ದಲ್ಲ. ದೀಕ್ಷಿತಾಳ ತಂಗಿ ಸಾತ್ವಿಕಾಳನ್ನು ಮುಂಡಾಜೆಯ ಕಡೆಯವರು ಬಂದು ನೋಡಿ ಹೋಗಿದ್ದರು. ಹುಡುಗ ಮನ್ವಿತ್, ಮಿಜಾರಿನ ಕಾಲೇಜೊಂದರಲ್ಲಿ ಉಪನ್ಯಾಸಕ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕಣ್ಣೆತ್ತಿಯೂ ನೋಡದೆ, ಒಬ್ಬರು ಕಿಟಕಿಯನ್ನೂ ಇನ್ನೊಬ್ಬರು ಚಾ ಲೋಟವನ್ನೂ ನೋಡುತ್ತ ಕೂತಿದ್ದ ರೀತಿಗೆ ಅಮ್ಮಣ್ಣಿ ಮನಸೋತಿದ್ದರು. ಶೋಧನನಿಗೆ ಮಾತ್ರ ಆ ಹುಡುಗನನ್ನು ಎಲ್ಲೋ ನೋಡಿದ ಹಾಗೆ ಅನಿಸಿತ್ತು. ಎಲ್ಲಿ ಎಂದು ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನದ ಒಳಗೆ ಫೋನ್ ಮಾಡಿ ತೀರ್ಮಾನ ತಿಳಿಸುತ್ತೇವೆ ಎಂದು ಅವರು ಹೇಳಿ ಹೋಗಿದ್ದರು. ಇಂಥ ಮಾತು ಆ ಮನೆಗಳಲ್ಲಿ ಸೋದರಮಾವಂದಿರ ನಡುವೆಯೇ ಆಗಬೇಕು. ಹುಡುಗನ ಮಾವ ಅಣ್ಣು ಶೆಟ್ಟರು ಮಾಡಬೇಕು, ಹುಡುಗಿಯ ಮಾವ ಶೀನಪ್ಪ ಶೆಟ್ಟರು ತೆಗೆಯಬೇಕು. ಹುಡುಗಿಯ ಅಪ್ಪ ಮಸ್ಕತ್ತಿನಲ್ಲಿದ್ದರು. ಊರಿನಲ್ಲಿದ್ದರೂ ಅವರಿಗೆ ಕೂತು ತಲೆಯಾಡಿಸುವ ಕೆಲಸ ಮಾತ್ರ. ಇನ್ನು ಹುಡುಗಿಯ ಕಡೆಯವರೇ ಮೊದಲು ಫೋನ್ ಮಾಡಿ ವಿಚಾರಿಸಿದರೆ, "ಅವರಿಗೇ ಗರಜು" ಎಂದು ಚಾರ್ಮಾಡಿಯವರೆಗೂ ಸುದ್ದಿ ಹೋಗುತ್ತದೆ.

"ಅದಕ್ಕೇ ಹೇಳುವುದು, ಆ ಫೋನು ಸರಿ ಇರ್ಬೇಕು ಅಂತ," ಎಂದ ಶೋಧನ್. "ಈಗ ಅದನ್ನು ಒತ್ತಿದರೆ ಅದು ಕೇಳುವಾಗ ಚಾ ಕುಡಿದು ಮುಗಿಯುತ್ತದೆ."

ಅದು ನಿಜ. ಫೋನು ಹಳೆಯದು. ಕಂಪನಿ ಅದನ್ನು ಮರೆತೇ ಬಿಟ್ಟಿತ್ತು. ಹಾಗೆ ಕಂಪನಿ ಕೈಬಿಟ್ಟ ಫೋನಿಗೆ ಉತ್ಸಾಹಿಗಳು ತಾವೇ ಹೊಸ ವ್ಯವಸ್ಥೆ ಬರೆದು ಪುಕ್ಕಟೆ ಹಂಚುತ್ತಾರೆ ಎಂದು ಶೋಧನ್ ಕಂಡುಹಿಡಿದಿದ್ದ. ಅದಕ್ಕೆ ಕಸ್ಟಮ್ ಫರ್ಮ್‌ವೇರ್ ಎಂದು ಹೆಸರು. ಮೊದಲು ಫೋನಿನ ಬೀಗ ಒಡೆಯಬೇಕು, ಹಳೆಯದನ್ನೆಲ್ಲ ಗುಡಿಸಬೇಕು, ಹೊಸದನ್ನು ತುಂಬಬೇಕು, ಆಮೇಲೆ ರೂಟ್ ಮಾಡಿ ಒಳಗಿನ ಪೂರ್ತಿ ಅಧಿಕಾರ ಕೈಗೆ ತೆಗೆದುಕೊಳ್ಳಬೇಕು. ಕಲಿಸಿದ ಗುರು ಯೂಟ್ಯೂಬಿನ ಒಬ್ಬ ಅನಾಮಧೇಯ. ಅವನು ಬಾಯಿ ಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ. ಡಬಡಬ ಸಂಗೀತದ ನಡುವೆ ಬಾಣದ ಗುರುತು ಮಾತ್ರ ಓಡಾಡುತ್ತಿತ್ತು. ಕೊನೆಗೆ "ನಿಮ್ಮ ಫೋನು ಸತ್ತು ಇಟ್ಟಿಗೆಯಾದರೆ ನಾನು ಹೊಣೆಯಲ್ಲ" ಎಂದು ಇಂಗ್ಲಿಷಿನಲ್ಲಿ ಬಂತು. ಇದು ಬುದ್ಧಿ ಸಾಲದವರಿಗೆ ಹೇಳಿದ್ದು ಎಂದುಕೊಂಡು ಶೋಧನ್ ಮುಂದುವರಿದ.

ಮೊದಲ ವಿಘ್ನ ಕೇಬಲ್ಲಿನದು. ಅದನ್ನು ಒಂದು ಕೋನದಲ್ಲಿ ಬಗ್ಗಿಸಿ ಅದುಮಿ ಹಿಡಿದರೆ ಮಾತ್ರ ಲ್ಯಾಪ್‌ಟಾಪಿಗೆ ಫೋನು ಕಾಣುತ್ತಿತ್ತು. ಶೋಧನ್ ಅಡುಗೆಮನೆಯಿಂದ ಕಾಯಿ ತುರಿಯುವ ಮೆಟ್ಟುಕತ್ತಿಯನ್ನು ತಂದು ಅದರ ಹಲಗೆಯನ್ನು ಕೇಬಲ್ಲಿನ ಮೇಲೆ ಹೇರಿದ. ಸರಿಯಾಯಿತು. ಫೋನಿನ ಹಳೆಯ ಜನ್ಮ ಪೂರ್ತಿ ಅಳಿಸಿ ಹೋಗಿ, ಹೊಸತು ಅರ್ಧ ತುಂಬಿದ ಹೊತ್ತಿಗೆ ದೀಕ್ಷಿತಾ ಒಡೆದ ತೆಂಗಿನಕಾಯಿ ಹಿಡಿದು ಬಂದಳು.

"ಮೆಟ್ಟುಕತ್ತಿ ಕೊಡಿ. ಗಸಿಗೆ ಕಾಯಿ ತುರಿಯಬೇಕು."

"ಮುಟ್ಟಬೇಡ! ಈಗ ತೆಗೆದರೆ ಫೋನು ಇಟ್ಟಿಗೆಯಾಗುತ್ತದೆ."

"ಎಂತ ಆಗುತ್ತದೆ?"

"ಇಟ್ಟಿಗೆ. ಮನೆ ಕಟ್ಟುವ ಇಟ್ಟಿಗೆ."

ದೀಕ್ಷಿತಾ ಫೋನನ್ನೂ ಗಂಡನನ್ನೂ ತೆಂಗಿನಕಾಯಿಯನ್ನೂ ಒಂದೊಂದು ಸಲ ನೋಡಿ ಒಳಗೆ ಹೋದಳು. ಆ ಮಧ್ಯಾಹ್ನ ಮೂಡುಬಿದಿರೆಯಲ್ಲಿ ಕಾಯಿ ಹಾಕದ ಸಾರು ಉಂಡ ಮನೆ ಅದೊಂದೇ ಇರಬೇಕು.

ಆಮೇಲೆ ಫೋನು ಏಳಲು ಶುರುಮಾಡಿತು. ಕಂಪನಿಯ ಹೆಸರು ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಏಳುತ್ತೇನೆ ಎನ್ನುತ್ತದೆ, ಮಗ್ಗುಲು ಬದಲಿಸಿ ಮಲಗುತ್ತದೆ. ಭಾನುವಾರದ ಶೋಧನನ ಹಾಗೆಯೇ. ಅವನು ಮತ್ತೆ ಅಳಿಸಿದ, ಮತ್ತೆ ತುಂಬಿದ, ಯಾವುದು ಮೊದಲು ಯಾವುದು ಆಮೇಲೆ ಎಂದು ಅವನಿಗೇ ಗೊಂದಲವಾಯಿತು. ಕೊನೆಗೆ ಏನು ಒತ್ತಿದ್ದರಿಂದ ಸರಿಯಾಯಿತು ಎಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಅಂತೂ ಸಂಜೆಯ ಬೆಳಕಿರುವಾಗಲೇ ಫೋನು ಎದ್ದು ಕೂತು, ಯಾವ ಭಾಷೆ ಬೇಕು ಎಂದು ಕೇಳಿತು. ಇಂಗ್ಲಿಷ್, ಕನ್ನಡ, ತುಳು.

ಈ ಫರ್ಮ್‌ವೇರನ್ನೇ ಅವನು ಆರಿಸಿದ್ದು ಆ ಮೂರನೆಯದಕ್ಕಾಗಿ. ಯಾರೋ ತುಳು ಅಭಿಮಾನಿ ಇಡೀ ಫೋನನ್ನು ತುಳು ಭಾಷೆಗೆ, ಅದೂ ತುಳುವಿನ ಸ್ವಂತ ಲಿಪಿಗೆ ಇಳಿಸಿಬಿಟ್ಟಿದ್ದ. ಅಂಕಿಗಳೂ ತುಳು. ಹಸಿರು, ಕೆಂಪು ಬಣ್ಣ, ಫೋನಿನ ಚಿತ್ರ, ಗಂಟೆಯ ಚಿತ್ರ ಎಲ್ಲವನ್ನೂ ಪರದೇಶದ್ದು ಎಂದು ಕಿತ್ತು ಹಾಕಿ, ಎಲ್ಲ ಬಟನ್ನುಗಳನ್ನೂ ಅರಶಿನ ಬಣ್ಣದಲ್ಲಿ ಅಕ್ಷರವಾಗಿ ಬರೆದಿದ್ದ. ಶೋಧನ್ ಎದೆಯುಬ್ಬಿಸಿ ತುಳುವನ್ನು ಒತ್ತಿದ.

ಅವನಿಗೆ ಆ ಧೈರ್ಯ ಇರಲು ಕಾರಣ ಗೋಡೆಯ ಮೇಲಿತ್ತು. ಮೂಡುಬಿದಿರೆಯಲ್ಲಿ ಹಿಂದಿನ ವರ್ಷ ನಡೆದ ತುಳು ಲಿಪಿ ತರಗತಿಯ ಪ್ರಮಾಣಪತ್ರ, ಕಟ್ಟು ಹಾಕಿಸಿದ್ದು. ನಿಜ ಹೇಳಬೇಕೆಂದರೆ ಆ ತರಗತಿಗೆ ಸೇರಿದ್ದು ಸಾತ್ವಿಕಾ. "ಹುಡುಗಿ ಒಬ್ಬಳೇ ಹೋಗುವುದು ಬೇಡ, ನೀನು ಜೊತೆಗೆ ಕೂತು ಒಂದು ಕಣ್ಣಿಡು" ಎಂದು ಶೀನಪ್ಪ ಮಾವ ಶೋಧನನನ್ನು ಕಳಿಸಿದ್ದರು. ಅವನು ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತು, ಮಧ್ಯಂತರದಲ್ಲಿ ಕೊಡುವ ಗೋಳಿಬಜೆಯ ಮೇಲೆ ಎರಡೂ ಕಣ್ಣಿಟ್ಟಿದ್ದ. ಲಿಪಿಯಲ್ಲಿ ಅವನು ಕಲಿತದ್ದು ತನ್ನ ಹೆಸರು ಬರೆಯಲಿಕ್ಕೆ. ಅದನ್ನು ಸ್ಕೂಟರಿನ ಮೇಲೆ, ಹೆಲ್ಮೆಟಿನ ಮೇಲೆ, ಬುತ್ತಿ ಡಬ್ಬಿಯ ಮೇಲೆ ಬರೆದುಕೊಂಡಿದ್ದ.

ಪರದೆಯ ತುಂಬ ಸುರುಳಿ ಸುರುಳಿ ಅಕ್ಷರ ಬಂದವು. ಇವನ್ನೂ ಎಲ್ಲೋ ನೋಡಿದ ಹಾಗೆ ಅನಿಸಿತು, ತರಗತಿಯಲ್ಲಿ ಅಲ್ಲ, ಇನ್ನೆಲ್ಲೋ.

"ಓದಿ ನೋಡುವ," ಎಂದಳು ದೀಕ್ಷಿತಾ.

"ನಮ್ಮ ಲಿಪಿ. ನಿಧಾನವಾಗಿ ಓದಿದರೇ ರುಚಿ."

"ಇಂಥದ್ದೇ ಅಲ್ವಾ ಸಾತ್ವಿಕಾಳ ಫೋನಿಗೆ ಬಂದದ್ದು? ನೀವು ನೋಡಿ ವೈರಸ್ ಅಂತ ಹೇಳಿದ್ದಿರಿ."

"ಅದು ವೈರಸ್, ಇದು ಲಿಪಿ. ಎರಡಕ್ಕೂ ವ್ಯತ್ಯಾಸ ಗೊತ್ತಾಗಲಿಕ್ಕೆ ಸ್ವಲ್ಪ ಓದಿರಬೇಕು," ಎಂದ ಶೋಧನ್, ಗೋಡೆಯ ಕಡೆ ನೋಡುತ್ತ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಬೆಳುವಾಯಿಗೆ ಬಂದಾಗ ಶೀನಪ್ಪ ಮಾವ ಹೆಗಲ ಮೇಲೆ ಟವಲು ಹಾಕಿಕೊಂಡು, ಮೈಗೆಲ್ಲ ಎಣ್ಣೆ ಹಚ್ಚಿ ನಿಂತಿದ್ದರು. ಫೋನನ್ನು ಮುಟ್ಟುವ ಹಾಗಿಲ್ಲ, ಕೈಯೆಲ್ಲ ಎಣ್ಣೆ. ದೂರದಿಂದಲೇ ನೋಡಿದರು. ಶೋಧನ್ ಒತ್ತಿ ತೋರಿಸಿದ; ಪರದೆ ಪಟಪಟ ಎಂದು ಹಾರಿತು.

"ಸ್ಪೀಡ್ ಉಂಟು," ಎಂದರು ಮಾವ. ಅವರ ಬಾಯಿಂದ ಅದು ಭಾರತರತ್ನ. "ಅದೆಂತ ಬರೆದದ್ದು?"

"ತುಳು ಲಿಪಿ ಮಾವ."

"ನನಗೆ ಓದಲಿಕ್ಕೆ ಬರುವುದಿಲ್ಲ."

"ನಾನು ಇದ್ದೇನಲ್ಲ."

ಮಾವ ಅವನನ್ನು ಅಳೆದು ನೋಡಿದರು. "ನಾನು ಎಣ್ಣೆ ಸ್ನಾನ ಮಾಡಿ ಬರ್ತೇನೆ. ಮುಂಡಾಜೆಯ ಫೋನ್ ಬಂದರೆ ತೆಗಿ. ಮಾವ ಈಗ ಬಂದರು ಅಂತ ಹೇಳಿ ಹಿಡಿದುಕೊಂಡು ನಿಲ್ಲು. ಬೇರೆ ಎಂತದೂ ಮಾತಾಡಬೇಡ."

ಅವರು ಬಚ್ಚಲಿಗೆ ಹೋಗಿ ಚಿಲಕ ಹಾಕಿದ ಸದ್ದು ಕೇಳುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಸಿಮ್ಮಿನಲ್ಲಿದ್ದ ಹೆಸರು ಇಂಗ್ಲಿಷಿನಲ್ಲೇ ಬಂತು: ಅಣ್ಣು ಮುಂಡಾಜೆ. ಅದರ ಕೆಳಗೆ ಸಾಲಾಗಿ ಮೂರು ಅರಶಿನ ಬಟನ್ನು. ಮೂರರಲ್ಲೂ ಸುರುಳಿ. ಶೋಧನ್ ತನ್ನ ಹೆಸರಿನ ಅಕ್ಷರ ಏನಾದರೂ ಇದೆಯೇ ಎಂದು ಹುಡುಕಿದ. ಒಂದೂ ಇಲ್ಲ. ತುಳುವರು ಫೋನ್ ತೆಗೆಯುವ ಮಾತಿಗೂ ತನ್ನ ಹೆಸರಿಗೂ ಇಷ್ಟು ದೂರ ಇರಬಹುದೆಂದು ಅವನು ಎಣಿಸಿರಲಿಲ್ಲ.

"ತೆಗೀರಿ ಮಾರಾಯ್ರೇ," ಎಂದಳು ದೀಕ್ಷಿತಾ.

ಶುಭಕಾರ್ಯ. ಬಲಗಡೆಯಿಂದ ಆಗಲಿ ಎಂದು ಶೋಧನ್ ಬಲದ್ದನ್ನು ಒತ್ತಿದ. ಫೋನು ತಟ್ಟನೆ ಸುಮ್ಮನಾಯಿತು.

"ಕಟ್ ಆಯ್ತಾ?"

"ರೇಂಜ್ ಇಲ್ಲ," ಎಂದ ಶೋಧನ್.

ಬಚ್ಚಲಿನಿಂದ ಮಾವನ ಸ್ವರ ಬಂತು. "ಯಾರದ್ದು ಫೋನು?"

"ಸಾಲ ಬೇಕಾ ಅಂತ ಕೇಳುವವರದ್ದು, ಮಾವ!"

ಒಳಕೋಣೆಯ ಬಾಗಿಲಲ್ಲಿ ಸಾತ್ವಿಕಾ ಕಾಣಿಸಿಕೊಂಡಳು. ಕೈಯಲ್ಲಿ ಅರ್ಧ ಕಟ್ಟಿದ ಮಲ್ಲಿಗೆ. ಮುಖ ಮಲ್ಲಿಗೆಗಿಂತ ಬೆಳ್ಳಗಾಗಿತ್ತು. "ಭಾವ, ನಿಮಗೆ ಸರ್ಟಿಫಿಕೇಟ್ ಸಿಕ್ಕಿದ್ದಲ್ವಾ?" ಎಂದಳು ಸಣ್ಣ ಸ್ವರದಲ್ಲಿ. ನಗಿಸಲಿಕ್ಕೆ ಹೇಳಿದ್ದಲ್ಲ ಎಂದು ಶೋಧನನಿಗೆ ಕಂಡಿತು. ಹುಡುಗಿಗೆ ಈ ಸಂಬಂಧ ಬೇಕು, ತುಂಬ ಬೇಕು ಎಂದು ಅವನಿಗೆ ಗೊತ್ತಾದದ್ದು ಆಗಲೇ.

ಫೋನು ಮತ್ತೆ ಹೊಡೆದುಕೊಂಡಿತು. ಬಲದ್ದು ಅಲ್ಲ ಎಂದು ಈಗ ಗೊತ್ತಿದೆ. ಮಧ್ಯದ್ದನ್ನು ಒತ್ತಿದ. ಕೆಳಗಿನಿಂದ ಒಂದು ಉದ್ದ ಪಟ್ಟಿ ಎದ್ದು ಬಂತು, ಮತ್ತೆ ಸುರುಳಿ. ಗಾಬರಿಯಲ್ಲಿ ಮೇಲಿನದನ್ನೇ ಒತ್ತಿದ. ಸುಂಯ್ ಎಂದು ಏನೋ ಹಾರಿ ಹೋಯಿತು. ಕರೆ ಕಟ್ ಆಯಿತು.

"ಈಗ ಎಂತ ಹೋಯಿತು?" ಎಂದಳು ದೀಕ್ಷಿತಾ.

"ಏನೋ ಹೋಯಿತು."

"ಎಲ್ಲಿಗೆ?"

"ಮುಂಡಾಜೆಗೆ."

"ನನ್ನ ಫೋನಿನಿಂದ ಮಾಡುವ" ಎಂದು ಶೋಧನ್ ಹೊರಟ. ದೀಕ್ಷಿತಾ ತಡೆದಳು. ಹೆಣ್ಣಿನ ಕಡೆಯವರು, ಅದೂ ಅಳಿಯ ಫೋನ್ ಮಾಡಿದನೆಂದು ತಿಳಿದರೆ ಮಾವ ಇಬ್ಬರನ್ನೂ ಹಂಡೆಗೆ ಹಾಕುತ್ತಾರೆ. ಸಿಮ್ ತೆಗೆದು ತನ್ನ ಫೋನಿಗೆ ಹಾಕುವ ಎಂದ. ಮಾವನದ್ದು ಹಳೆಯ ಕಾಲದ ದೊಡ್ಡ ಸಿಮ್, ಕತ್ತರಿಸದೆ ಹಿಡಿಸುವುದಿಲ್ಲ. "ಇನ್ನು ಕತ್ತರಿಯೊಂದು ಬಾಕಿ ಇತ್ತು" ಎಂದು ದೀಕ್ಷಿತಾ ಹೊಲಿಗೆ ಡಬ್ಬಿಯನ್ನೇ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಉಳಿದದ್ದು ಒಂದೇ ದಾರಿ. ಭಾಷೆಯನ್ನು ಕನ್ನಡಕ್ಕೆ ತಿರುಗಿಸುವುದು. ಆದರೆ ಭಾಷೆ ಬದಲಿಸುವ ಜಾಗ ಎಲ್ಲಿ ಎಂದು ತುಳುವಿನಲ್ಲೇ ಬರೆದಿತ್ತು. ಶೋಧನ್ ಒಂದನ್ನು ಒತ್ತಿದ, ಟಾರ್ಚ್ ಹತ್ತಿತು. ಅದನ್ನು ಆರಿಸಲು ಇನ್ನೊಂದನ್ನು ಒತ್ತಿದ, ಕ್ಯಾಮೆರಾ ತೆರೆದು ಅವನ ಬೆವರಿದ ಮೂಗಿನ ಫೋಟೋ ತೆಗೆಯಿತು. ಮತ್ತೊಂದನ್ನು ಒತ್ತಿದಾಗ ಅಲಾರ್ಮ್ ಕೂಗಿತು. ಅಲಾರ್ಮ್ ನಿಲ್ಲಿಸಹೋಗಿ ಎಲ್ಲಿ ತಾಗಿತೋ, ಇಡೀ ಪರದೆ ಕನ್ನಡಿಯೊಳಗಿನದರಂತೆ ತಿರುಗಿ, ಎಡದಲ್ಲಿದ್ದದ್ದು ಬಲಕ್ಕೆ, ಬಲದಲ್ಲಿದ್ದದ್ದು ಎಡಕ್ಕೆ ಹೋಯಿತು. ಗಡಿಯಾರ ಆಚೆ ಮೂಲೆಗೆ ಸರಿದದ್ದನ್ನು ಶೋಧನ್ ಕಂಡ. ಅದಕ್ಕೆ ಅಲ್ಲೇ ಇಷ್ಟವಿದ್ದರೆ ಇರಲಿ ಎಂದುಕೊಂಡ.

ಅಮ್ಮಣ್ಣಿ ಅಡುಗೆಮನೆಯಿಂದ ಇಣುಕಿದರು. "ಟಾರ್ಚ್ ಎಂತಕ್ಕೆ? ಹಗಲು ಬೆಳಕು ಉಂಟಲ್ಲ."

"ಚೆಕ್ ಮಾಡುವುದು ಅತ್ತೆ."

ಸುಮಾರು ಹೊತ್ತು ಫೋನು ಹೊಡೆಯಲೇ ಇಲ್ಲ. ಎರಡು ಸಲ ಫೋನ್ ಕಟ್ ಮಾಡಿದರೆ ಯಾವ ಮಾನವಂತರೂ ಮೂರನೆಯ ಸಲ ಮಾಡುವುದಿಲ್ಲ. ಸಾತ್ವಿಕಾ ಮಲ್ಲಿಗೆಯನ್ನು ಕಟ್ಟುವುದು ಬಿಟ್ಟು ಬಿಚ್ಚತೊಡಗಿದ್ದಳು. ತನ್ನಿಂದ ಒಂದು ಹುಡುಗಿಯ ಮದುವೆ ಮುರಿಯಿತು, ಇನ್ನು ಮಿಕ್ಸಿಯ ಹೆಸರೇ ವಾಸಿ ಎಂದು ಶೋಧನನಿಗೆ ಅಳು ಬಂದಂತಾಯಿತು.

ಆಗ ಫೋನು ಹೊಡೆದುಕೊಂಡಿತು. ಅಣ್ಣು ಮುಂಡಾಜೆ.

ಶೋಧನ್ ಚಂಗನೆ ಎದ್ದ. ಬಲ ಅಲ್ಲ, ಮಧ್ಯ ಅಲ್ಲ, ಹಾಗಾದರೆ ಎಡದ್ದೇ! ಇಷ್ಟು ಖಚಿತವಾಗಿ ಅವನು ಬದುಕಿನಲ್ಲಿ ಯಾವ ಬಟನ್ನನ್ನೂ ಒತ್ತಹೋದವನಲ್ಲ. ಬೆರಳು ಇನ್ನೇನು ತಾಗಬೇಕು, ಸಾತ್ವಿಕಾ ಹಾರಿ ಬಂದು ಅವನ ಕೈ ಹಿಡಿದಳು.

"ಭಾವ, ಅದು 'ಬೊಡ್ಚಿ'! ಬೇಡ ಅಂತ! 'ಪಾತೆರ್ಲೆ', ಮಾತಾಡಿ ಅಂತ, ಈಚೆ ಉಂಟು!"

ಅಷ್ಟು ಹೇಳಿ ಬಲದ್ದನ್ನು ಒತ್ತಿ, ಅದರ ಪಕ್ಕದ ಇನ್ನೊಂದು ಸುರುಳಿಯನ್ನು ನೋಡದೆಯೇ ಎಂಬಂತೆ ಒತ್ತಿ ಸ್ಪೀಕರ್ ಹಾಕಿದಳು. ಆಮೇಲೆ ತಾನು ಏನು ಮಾಡಿದೆ ಎಂದು ಹೊಳೆದು ಬಾಯಿಗೆ ಕೈ ಇಟ್ಟುಕೊಂಡಳು. ಬಚ್ಚಲ ಬಾಗಿಲಲ್ಲಿ ಶೀನಪ್ಪ ಮಾವ ತಲೆ ಒರೆಸುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಶೀನಪ್ಪಣ್ಣ," ಎಂದಿತು ಫೋನು, "ನೀವು ಕಳಿಸಿದ ಜಾತಕ ಬಂತು."

ಮಾವ ಬಂದು ಫೋನಿನ ಮುಂದೆ ಕೂತರು. "ಯಾವ ಜಾತಕ?"

"ಅದೇ, ಮೆಸೇಜು. ಹನ್ನೆರಡು ಚೌಕ ಉಂಟು, ಎಲ್ಲ ಖಾಲಿ. ಮೊದಲು ಎರಡು ಸಲ ಕಟ್ ಮಾಡಿ ಆಮೇಲೆ ಖಾಲಿ ಕುಂಡಲಿ ಕಳಿಸಿದಾಗ ನಮಗೆ ಬೇಜಾರೇ ಆಯಿತು. ಬೇಡ ಅಂತ ಹೀಗೆ ಹೇಳಿದ್ದಾ ಅಂತ. ಮತ್ತೆ ನಮ್ಮ ಜೋಯಿಸರಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿ ನೋಡಿ ಹೇಳಿದರು, ಹನ್ನೆರಡು ಮನೆಯಲ್ಲಿ ಎಲ್ಲಿಯೂ ಒಂದು ಗ್ರಹ ಇಲ್ಲ, ಗ್ರಹವೇ ಇಲ್ಲದ ಮೇಲೆ ದೋಷ ಎಲ್ಲಿಂದ, ಇಷ್ಟು ಶುದ್ಧ ಜಾತಕ ನಾನು ಈವರೆಗೆ ನೋಡಲಿಲ್ಲ ಅಂತ."

ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೋಟೆಲು ನಡೆಸಿದವರಿಗೆ ಅದು ಬರುತ್ತದೆ. ಸಾತ್ವಿಕಾ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು: "ಭಾವ ಕಳಿಸಿದ್ದು 'ಇತ್ತೆ ಆಪುಜಿ, ಬೊಕ್ಕ ಪಾತೆರುವೆ' ಅಂತ. ಈಗ ಆಗುವುದಿಲ್ಲ, ಆಮೇಲೆ ಮಾತಾಡ್ತೇನೆ. ಅವರ ಫೋನಿನಲ್ಲಿ ತುಳು ಲಿಪಿ ಇಲ್ಲ, ಅದಕ್ಕೆ ಚೌಕ."

"ಜೋಯಿಸರದ್ದು ಇರಲಿ," ಎಂದು ಅಣ್ಣು ಶೆಟ್ಟರು ಮುಂದುವರಿಸಿದರು. "ಇಲ್ಲಿ ಹುಡುಗ ಬೆಳಗಿನಿಂದ ತಿಂಡಿ ಮುಟ್ಟಲಿಲ್ಲ. ಇನ್ನೊಂದು ಸಲ ಮಾಡಿ ಮಾವ, ಇನ್ನೊಂದು ಸಲ ಮಾಡಿ ಅಂತ ಒಂದೇ ರಾಗ. ಹಿಂದಿನ ವರ್ಷ ಮೂಡುಬಿದಿರೆಗೆ ತುಳು ಲಿಪಿ ಕ್ಲಾಸಿಗೆ ಅಂತ ಭಾನುವಾರ ಭಾನುವಾರ ಹಾರಿಕೊಂಡು ಹೋಗ್ತಿದ್ದ, ಅದರ ನಂತರ ಅವನಿಗೆ ಇಷ್ಟು ಉಮೇದು ನಾನು ನೋಡಿದ್ದು ಇವತ್ತೇ. ನಮಗೆ ಒಪ್ಪಿಗೆ. ನೀವು ಎಂತ ಹೇಳ್ತೀರಿ?"

"ಹೋ, ಆ ಗೋಳಿಬಜೆಯ ಹುಡುಗ!" ಎಂದುಬಿಟ್ಟ ಶೋಧನ್.

ಈಗ ನೆನಪಾಯಿತು. ಮುಂದಿನ ಬೆಂಚಿನ ಬೆಳ್ಳನೆಯ ಹುಡುಗ. ಪ್ರತಿ ಭಾನುವಾರ ತನ್ನ ಪಾಲಿನ ಗೋಳಿಬಜೆಯನ್ನೂ ಕೊನೆಯ ಬೆಂಚಿಗೆ ತಂದು "ನೀವೇ ತಿನ್ನಿ ಅಣ್ಣ" ಎಂದು ಕೊಟ್ಟು, ಚಟ್ನಿಯನ್ನೂ ಬಡಿಸಿ ಹೋಗುತ್ತಿದ್ದವನು. ಎಷ್ಟು ಒಳ್ಳೆಯ ಹುಡುಗ ಎಂದು ಶೋಧನ್ ತಟ್ಟೆ ನೋಡುತ್ತಲೇ ಹೊಗಳಿದ್ದ. ತಟ್ಟೆಯಿಂದ ತಲೆ ಎತ್ತಿದ್ದರೆ ಅವನು ಆಮೇಲೆ ಯಾರ ಪಕ್ಕ ಹೋಗಿ ಕೂರುತ್ತಿದ್ದ ಎಂದು ಕಾಣುತ್ತಿತ್ತು.

ಮಾವ ಶೋಧನನನ್ನು ನೋಡಿದರು. ಸಾತ್ವಿಕಾಳನ್ನು ನೋಡಿದರು. ಅವಳು ನೆಲ ನೋಡಿದಳು. ಫೋನಿನ ಆಚೆ ಬದಿಯಲ್ಲಿ ಯಾರೋ ಉಗುಳು ನುಂಗಿದ್ದು ಕೇಳಿಸಿತು. ಅದು ಅಣ್ಣು ಶೆಟ್ಟರದ್ದಾಗಿರಲಿಕ್ಕಿಲ್ಲ.

"ನಮಗೂ ಒಪ್ಪಿಗೆ," ಎಂದರು ಮಾವ. "ದಿನ ನೋಡುವ. ಹುಡುಗನಿಗೆ ತಿಂಡಿ ಕೊಡಿ."

ಸಾತ್ವಿಕಾ ತೋರಿಸಿದ ಬಟನ್ನನ್ನು ಒತ್ತಿ ಮಾವ ಫೋನ್ ಇಟ್ಟರು. ಒಳಗೆ ಅಮ್ಮಣ್ಣಿ ದೇವರಿಗೆ ದೀಪ ಹಚ್ಚಲು ಓಡಿದರು.

"ಹಾಗಾದರೆ," ಎಂದಳು ದೀಕ್ಷಿತಾ ನಿಧಾನವಾಗಿ ತಂಗಿಯ ಕಡೆ ತಿರುಗಿ, "ಅವತ್ತು ನಿನ್ನ ಫೋನಿನಲ್ಲಿ ಇದ್ದದ್ದು ವೈರಸ್ ಅಲ್ಲ."

ಸಾತ್ವಿಕಾ ತಲೆ ಎತ್ತಲಿಲ್ಲ. "ನಾನು ವೈರಸ್ ಅಂತ ಹೇಳಿದ್ದು ಸುಮ್ಮನೆ. ಭಾವ ನೋಡಿದರೆ ಗೊತ್ತಾಗುತ್ತದೆ ಅಂತ ಜೀವವೇ ಹೋಗಿತ್ತು. ಅವರು ನೋಡಿ ಹೌದು ವೈರಸ್ಸೇ ಅಂದರು."

"ಕ್ಲಾಸು ಒಂದೇ," ಎಂದರು ಮಾವ. "ಇವಳಿಗೆ ಹೊಡೆದುಕೊಳ್ಳುವ ಫೋನಿನಲ್ಲಿ ಕಣ್ಣು ಮುಚ್ಚಿ ಓದಲಿಕ್ಕೆ ಬರುತ್ತದೆ. ನೀನು ಎಂತ ಕಲಿತದ್ದು?"

"ನನ್ನ ಹೆಸರು, ಮಾವ."

"ನಿನ್ನನ್ನು ಅಲ್ಲಿಗೆ ಕಳಿಸಿದ್ದು ಎಂತಕ್ಕೆ?"

"ಕಣ್ಣಿಡಲಿಕ್ಕೆ."

ಮಾವ ಟವಲಿನಿಂದ ಮುಖ ಒರೆಸಿಕೊಂಡರು. ಅದರ ಹಿಂದೆ ಅವರು ನಕ್ಕರೋ ಏನೋ, ಟವಲು ಸ್ವಲ್ಪ ಅಲುಗಿತು. ಸಾತ್ವಿಕಾಳ ತಲೆಯ ಮೇಲೊಮ್ಮೆ ಕೈಯಾಡಿಸಿ, "ಮಲ್ಲಿಗೆ ಬಿಚ್ಚಿದ್ದು ಸಾಕು, ಕಟ್ಟು" ಎಂದರು. ಶೋಧನನಿಗೆ ಎದೆಯ ಮೇಲಿನ ಮೆಟ್ಟುಕತ್ತಿಯ ಹಲಗೆ ಇಳಿದಂತಾಯಿತು. ಧೈರ್ಯ ಬಂತು. ಕೊನೆಯ ಪಕ್ಷ ಇದೊಂದನ್ನಾದರೂ ಸರಿ ಮಾಡಿ ಕೊಟ್ಟು ಹೆಸರು ಉಳಿಸಿಕೊಳ್ಳಬೇಕೆಂದು ಕೈ ಚಾಚಿದ.

"ಫೋನು ಕೊಡಿ ಮಾವ. ಲ್ಯಾಪ್‌ಟಾಪಿಗೆ ಹಾಕಿ ಸಂಜೆಯ ಒಳಗೆ ಕನ್ನಡಕ್ಕೆ ತಿರುಗಿಸಿ ತರ್ತೇನೆ."

ಮಾವ ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು. ಫೋನನ್ನು ಅದರ ಜೇಬಿಗೆ ಇಳಿಸಿದರು.

"ಬೇಡ. ಸ್ಪೀಡ್ ಉಂಟು. ಮಾತಾಡುವ ಬಟನ್ನು ಯಾವುದು, ಇಡುವುದು ಯಾವುದು ಅಂತ ಇವಳು ತೋರಿಸಿದಳು. ನನಗೆ ಅಷ್ಟು ಸಾಕು."

"ಆದರೆ ಬಾಕಿದ್ದು ಒಂದೂ ನಿಮಗೆ ಓದಲಿಕ್ಕೆ ಬರುವುದಿಲ್ಲವಲ್ಲ?"

"ನನಗೆ ಬರದಿದ್ದರೆ ತೊಂದರೆ ಇಲ್ಲ ಮಾರಾಯ," ಎಂದರು ಶೀನಪ್ಪ ಮಾವ, ಜೇಬಿನ ಗುಂಡಿ ಹಾಕುತ್ತ. "ನಿನಗೆ ಬರುವುದಿಲ್ಲವಲ್ಲ, ಇನ್ನು ಕೈ ಹಾಕುವುದಿಲ್ಲ. ಅದಕ್ಕೇ ಹೀಗೇ ಇರಲಿ."